ಒಂದು ರೊಟ್ಟಿಯಿಂದ ಶುರುವಾಗಲಿ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ತಾಯಂದಿರ ಮತ್ತು ಶಿಕ್ಷಕಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ಆಹಾರದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಡಾಕ್ಟರಲ್ಲ, ಆಹಾರ ತಜ್ಞೆಯೂ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಶಿಕ್ಷಕಿ. ಆದ್ದರಿಂದ ಯಾವ ಕಾಯಿಪಲ್ಯದಲ್ಲಿ ಯಾವ ವಿಟಮಿನ್ ಇದೆ ಎಂಬ ಪಟ್ಟಿಯನ್ನು ಇಲ್ಲಿ ಓದುವುದಿಲ್ಲ. ಅಂಥ ಪಟ್ಟಿಯನ್ನು ಒಮ್ಮೆ ಓದಿ ನಾನು ಸೋತಿದ್ದೇನೆ. ಆ ಸೋಲಿನ ಕಥೆಯನ್ನೇ ನಿಮ್ಮ ಮುಂದೆ ಹೇಳುತ್ತೇನೆ. ಅದರಿಂದ ಯಾರಿಗಾದರೂ ಉಪಯೋಗವಾದರೆ ನನ್ನ ಶ್ರಮ ಸಾರ್ಥಕ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಪ್ರಾರ್ಥನೆಯ ವೇಳೆ ಏಳನೇ ತರಗತಿಯ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತಲ್ಲೇ ಕುಸಿದು ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿ ನೆರಳಲ್ಲಿ ಕೂರಿಸಿ, "ಬೆಳಿಗ್ಗೆ ಏನು ತಿಂದು ಬಂದೆ ಮಗಳೇ?" ಎಂದು ಕೇಳಿದೆ. "ಚಾಯ್ ಕುಡಿದೆ ಟೀಚರ್, ಒಂದು ಟೋಸ್ಟ್ ತಿಂದೆ" ಎಂದಳು. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಎಂದು ಬಂತು. ಆ ವಯಸ್ಸಿನ ಹುಡುಗಿಗೆ ಕನಿಷ್ಠ 12 ಇರಬೇಕು. ವೈದ್ಯರು ದಿನವೂ ನುಂಗಲು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಊಟ ಸರಿಮಾಡಿ" ಎಂದರು.

ಇದು ಒಬ್ಬ ಹುಡುಗಿಯ ಮಾತಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. 15ರಿಂದ 19 ವರ್ಷದ ಹುಡುಗಿಯರಲ್ಲಿ ಇದು ಶೇಕಡಾ 59. ಪಾಠ ತಲೆಗೆ ಹತ್ತದಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಆಯಾಸ, ಇವನ್ನು ನಾವು ಸೋಮಾರಿತನ ಎಂದು ಬೈಯುತ್ತೇವೆ. ಎಷ್ಟೋ ಸಲ ಅದು ರಕ್ತದ ಕೊರತೆ. ಮುಂದೆ ಮದುವೆಯಾಗಿ ಗರ್ಭಿಣಿಯಾದಾಗ ಇದೇ ಕೊರತೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ತರಬಲ್ಲದು.

ಹದಿನಾಲ್ಕು ಅಂಶಗಳ ಚೀಟಿ

ಆ ಘಟನೆಯ ನಂತರ ನನಗೆ ಭಾರಿ ಹುಮ್ಮಸ್ಸು ಬಂತು. ತಾಯಂದಿರ ಸಭೆ ಕರೆದು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಒಂದು ಚೀಟಿಯನ್ನೂ ಹಂಚಿದೆ. ಅದರಲ್ಲಿ ಹದಿನಾಲ್ಕು ಅಂಶಗಳಿದ್ದವು. ದಿನಾ ಸೊಪ್ಪು, ಮೊಳಕೆ ಕಾಳು, ಮೊಟ್ಟೆ, ಖರ್ಜೂರ, ಬೆಳಿಗ್ಗೆ ಬಿಸಿ ತಿಂಡಿ, ಊಟದ ಜೊತೆ ನಿಂಬೆ, ಚಹಾ ಬಂದ್, ಬೇಕರಿ ಪದಾರ್ಥ ಬಂದ್, ಹೀಗೆ. ಉರ್ದು ಬಲ್ಲವರಿಗೆ ಉರ್ದುವಿನಲ್ಲಿ, ಕನ್ನಡ ಬಲ್ಲವರಿಗೆ ಕನ್ನಡದಲ್ಲಿ ಬರೆಸಿದ್ದೆ. ಎಲ್ಲರೂ ತಲೆಯಾಡಿಸಿದರು. ನನಗೆ ಬಹಳ ಸಂತೋಷವಾಯಿತು.

ಮೂರು ತಿಂಗಳ ಮೇಲೆ ನೋಡಿದರೆ ಏನೂ ಬದಲಾಗಿರಲಿಲ್ಲ. ಹುಡುಗಿಯರು ಅದೇ ಚಹಾ, ಅದೇ ಟೋಸ್ಟ್ ಮುಗಿಸಿ ಬರುತ್ತಿದ್ದರು. ಕುಸಿದು ಬಿದ್ದಿದ್ದ ಹುಡುಗಿಯ ತಾಯಿ ಶಾಲೆಗೆ ಬಂದಾಗ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ: "ನಾನು ಕೊಟ್ಟ ಚೀಟಿ ಏನಾಯಿತು?" ಅವರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಜೋಪಾನವಾಗಿ ಇಟ್ಟಿದ್ದೇನೆ ಟೀಚರ್, ರೇಷನ್ ಕಾರ್ಡಿನ ಜೊತೆಗೆ."

ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಟೀಚರ್ ಕೊಟ್ಟ ಕಾಗದ ಎಂಬ ಗೌರವ ಇತ್ತು. ನನ್ನ ಚೀಟಿ ಪೆಟ್ಟಿಗೆಯವರೆಗೆ ಹೋಗಿತ್ತು, ಒಲೆಯವರೆಗೆ ಹೋಗಿರಲಿಲ್ಲ.

ಅಂದು ಸಂಜೆ ಅವರ ಜೊತೆಗೇ ಅವರ ಮನೆಗೆ ಹೋದೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಬಾಗಿಲ ಹತ್ತಿರ ಹೊಲಿಗೆ ಯಂತ್ರ. ಗಂಡ ಮಾರ್ಕೆಟ್ಟಿನಲ್ಲಿ ಹಮಾಲಿ. ನಸುಕಿನಲ್ಲಿ ಎದ್ದು ಚಹಾ ಮಾಡಿ ಗಂಡನನ್ನು ಕಳಿಸಿ, ನಲ್ಲಿಗೆ ನೀರು ಬಂದ ದಿನ ನೀರು ತುಂಬಿ, ನಂತರ ಬ್ಲೌಸ್ ಹೊಲಿಯಲು ಕೂರುತ್ತಾರೆ. ಅಡುಗೆಗೆ ಒಲೆ ಹೊತ್ತುವುದು ಹತ್ತು ಗಂಟೆಗೆ. ಮಗಳು ಶಾಲೆಗೆ ಹೊರಡುವಾಗ ಮನೆಯಲ್ಲಿ ಚಹಾ ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ತಾಯಿಗೆ ತಿಳುವಳಿಕೆ ಕಡಿಮೆ ಇರಲಿಲ್ಲ. ಬೆಳಗಿನ ಆ ಅರ್ಧ ಗಂಟೆಯಲ್ಲಿ ನನ್ನ ಹದಿನಾಲ್ಕು ಅಂಶಗಳಿಗೆ ಜಾಗವೇ ಇರಲಿಲ್ಲ.

ಆಗ ನಾನು ಮೊದಲ ಬಾರಿಗೆ ಉಪದೇಶ ಬಿಟ್ಟು ಪ್ರಶ್ನೆ ಕೇಳಿದೆ: "ಇದರಲ್ಲಿ ನಾಳೆ ಬೆಳಿಗ್ಗೆ ನಿಮ್ಮಿಂದ ಆಗುವ ಒಂದೇ ಒಂದು ಕೆಲಸ ಯಾವುದು?" ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ರಾತ್ರಿ ರೊಟ್ಟಿ ಮಾಡುತ್ತೇನಲ್ಲ, ಒಂದು ರೊಟ್ಟಿ ಹೆಚ್ಚು ತಟ್ಟಬಹುದು. ಶೇಂಗಾ ಚಟ್ನಿ ಮನೆಯಲ್ಲಿ ಇದ್ದೇ ಇರುತ್ತದೆ." ಆ ರೊಟ್ಟಿಯನ್ನು ಎಲ್ಲಿಡುತ್ತೀರಿ ಎಂದು ಕೇಳಿದೆ. "ಚಹಾದ ಪಾತ್ರೆಯ ಪಕ್ಕದಲ್ಲೇ, ಡಬ್ಬಿಯಲ್ಲಿ" ಎಂದರು. ಬೆಳಿಗ್ಗೆ ಕೈ ತಾನಾಗಿ ಚಹಾದ ಪಾತ್ರೆಗೆ ಹೋಗುತ್ತದೆ, ಅಲ್ಲೇ ರೊಟ್ಟಿ ಕಾಣುತ್ತದೆ. ಹುಡುಗಿಯ ಚಹಾವನ್ನು ಶಾಲೆ ಬಿಟ್ಟ ಮೇಲೆ ಕೊಡುವುದು ಎಂದೂ ಅವರೇ ಒಪ್ಪಿದರು. ಆದರೆ, "ಮೊದಲು ರೊಟ್ಟಿ ಹಿಡಿಯಲಿ, ಚಹಾದ ಮಾತು ಆಮೇಲೆ" ಎಂದರು. ಬಿ.ಎಡ್. ಓದಿದ ನನಗೆ ಹೊಳೆಯದ ಮಾತು ಅವರಿಗೆ ಹೊಳೆದಿತ್ತು. ಒಮ್ಮೆಗೆ ಒಂದೇ.

ಅಭ್ಯಾಸ ಹೇಗೆ ಬೇರೂರುತ್ತದೆ?

ಆಮೇಲೆ ಈ ವಿಷಯದ ಬಗ್ಗೆ ಹುಡುಕಿ ಓದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು ನಡೆಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಅದರಲ್ಲಿ 96 ಮಂದಿ ಭಾಗವಹಿಸಿದ್ದರು. ಪ್ರತಿಯೊಬ್ಬರೂ ತಿನ್ನುವುದು, ಕುಡಿಯುವುದು ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದೇ ಒಂದು ಕೆಲಸ ಆರಿಸಿಕೊಂಡು, ಅದನ್ನು ದಿನದ ಒಂದು ನಿಶ್ಚಿತ ಸಂದರ್ಭಕ್ಕೆ ಜೋಡಿಸಿ 12 ವಾರ ಮಾಡಬೇಕಿತ್ತು. ಉದಾಹರಣೆಗೆ, ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಎಂದು ಕೇಳಿದ್ದೇವಲ್ಲ, ಅದು ಎಲ್ಲರಿಗೂ ಹೊಂದುವ ಲೆಕ್ಕವಲ್ಲ ಎಂದು ಈ ಅಧ್ಯಯನದಿಂದ ತಿಳಿಯಿತು. ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜು ಬಂತು. ಸುಲಭದ ಕೆಲಸ ಬೇಗ ರೂಢಿಯಾಯಿತು, ಕಷ್ಟದ್ದು ತಡವಾಯಿತು. ತಾಯಂದಿರಿಗೆ ಸಮಾಧಾನ ಕೊಡುವ ಇನ್ನೊಂದು ಮಾತೂ ಅದರಲ್ಲಿದೆ. ಮಧ್ಯೆ ಒಂದು ದಿನ ತಪ್ಪಿದರೆ ಕಟ್ಟಿದ ಅಭ್ಯಾಸವೇನೂ ಕುಸಿದು ಬೀಳಲಿಲ್ಲ. ಮರುದಿನ ಮತ್ತೆ ಶುರು ಮಾಡಿದರೆ ಸಾಕಾಗಿತ್ತು.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಎಂಬವರು 1999ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಇದಕ್ಕೆ ಹೊಂದುವ ಮಾತನ್ನೇ ವಿವರಿಸಿದ್ದಾರೆ. "ಒಳ್ಳೆಯದನ್ನು ತಿನ್ನುತ್ತೇನೆ" ಎಂಬ ಸಂಕಲ್ಪಕ್ಕಿಂತ, "ಇಂಥ ಹೊತ್ತಿನಲ್ಲಿ, ಇಂಥ ಕೆಲಸವಾದ ಕೂಡಲೇ, ಇದನ್ನು ಮಾಡುತ್ತೇನೆ" ಎಂಬ ನಿಶ್ಚಯ ಹೆಚ್ಚು ಫಲ ಕೊಡುತ್ತದೆ. ಸಣ್ಣದಾದರೂ ನಿಲ್ಲಿಸದೆ ಮಾಡುವ ಒಳ್ಳೆಯ ಕೆಲಸದ ಹಿರಿಮೆಯನ್ನು ನಾವೆಲ್ಲ ಹದೀಸ್‌ಗಳಲ್ಲಿ ಓದಿಯೇ ಇದ್ದೇವೆ. ಅದನ್ನು ಊಟದ ತಟ್ಟೆಗೆ ತರುವುದನ್ನು ಮಾತ್ರ ಮರೆತಿದ್ದೇವೆ.

ರಮಜಾನ್ ತಿಂಗಳನ್ನೇ ನೋಡಿ. ಇಡೀ ಮನೆ ಸಹರಿಗೆ ಏಳುತ್ತದೆ. ಮಗರಿಬ್ ಅಜಾನ್ ಕೇಳಿದ ಕೂಡಲೇ ಕೈ ಖರ್ಜೂರಕ್ಕೆ ಹೋಗುತ್ತದೆ. ಯಾರೂ ನೆನಪಿಸಬೇಕಾಗಿಲ್ಲ. ಹೊತ್ತು ನಿಶ್ಚಿತ, ಕರೆ ನಿಶ್ಚಿತ, ಮನೆಯವರೆಲ್ಲ ಜೊತೆಗಿದ್ದಾರೆ. ಈದ್ ಮುಗಿದ ಮೇಲೆ ಆ ಖರ್ಜೂರ ಏಕೆ ನಿಲ್ಲುತ್ತದೆ? ಮನಸ್ಸು ಕೆಟ್ಟಿತೆಂದಲ್ಲ, ಅದನ್ನು ನೆನಪಿಸುವ ಹೊತ್ತು ಹೋಯಿತೆಂದು. ಹೊಸ ಅಭ್ಯಾಸವನ್ನು ಮನೆಯಲ್ಲಿ ವರ್ಷವಿಡೀ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಅದು ಉಳಿಯುತ್ತದೆ.

ನನ್ನ ಅಮ್ಮಿಯ ಚಮಚ

ಬೇರೆಯವರ ಮನೆಯ ಮಾತಾಯಿತು, ನಮ್ಮ ಮನೆಯದೂ ಹೇಳಿಬಿಡುತ್ತೇನೆ. ನನ್ನ ಅಮ್ಮಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಐದು ಕಪ್ ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಅಂದರೆ ದಿನಕ್ಕೆ ಹತ್ತು ಚಮಚ, ಕಡಿಮೆ ಎಂದರೂ 40 ಗ್ರಾಂ. ಆರೋಗ್ಯವಂತರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಾತಿನ ಸಾರ.

ನಾನು ಮಗಳೂ ಹೌದು, ಟೀಚರೂ ಹೌದು. ಎರಡು ಅಧಿಕಾರ ಸೇರಿಸಿ ಸಕ್ಕರೆ ಡಬ್ಬಿ ಮುಚ್ಚಿಟ್ಟೆ. ಅಮ್ಮಿ ಪಕ್ಕದ ಮನೆಯ ಖಾಲಾ ಹತ್ತಿರ ಸಕ್ಕರೆ ತರಿಸಿಕೊಂಡರು. ಗದರಿದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ ತಪ್ಪು ಒಪ್ಪಿಕೊಂಡು, "ಅಮ್ಮಿ, ನಿಮಗೆ ಏನು ಸಾಧ್ಯ ಹೇಳಿ" ಎಂದೆ. "ಎರಡನೇ ಚಮಚವನ್ನು ತಲೆ ತಟ್ಟಿ ಹಾಕುತ್ತೇನೆ" ಎಂದರು. ಎರಡು ವಾರದ ಮೇಲೆ ಎರಡನೆಯದು ಅರ್ಧ ಚಮಚವಾಯಿತು. ಕೆಲವು ತಿಂಗಳಲ್ಲಿ ಕಪ್ಪಿಗೆ ಅರ್ಧ ಚಮಚಕ್ಕೆ ಬಂದು ನಿಂತರು. ಈಗ ಬೇರೆ ಮನೆಯಲ್ಲಿ ಚಹಾ ಕುಡಿದರೆ, "ಎಷ್ಟು ಸಿಹಿ ಹಾಕುತ್ತಾರಪ್ಪ" ಎಂದು ಅವರೇ ದೂರುತ್ತಾರೆ. ನಾಲಿಗೆಯೂ ಕಲಿಯುತ್ತದೆ, ಆದರೆ ಅದಕ್ಕೆ ಸಮಯ ಕೊಡಬೇಕು. ಅವರ ಮಾತ್ರೆ, ಪರೀಕ್ಷೆ ಎಲ್ಲ ವೈದ್ಯರು ಹೇಳಿದಂತೆ ನಡೆಯುತ್ತಲೇ ಇದೆ.

ಶಿಕ್ಷಕಿಯರಿಗೆ ನನ್ನ ವಿನಂತಿ

ಮಕ್ಕಳ ಊಟದ ಬಗ್ಗೆ ತಾಯಂದಿರಿಗೆ ಹೇಳುವ ಜವಾಬ್ದಾರಿ ನಮಗೆ ಆಗಾಗ ಬರುತ್ತದೆ. ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಒಂದು, ಹೇಳುವ ಮೊದಲು ಕೇಳಿ. ಆ ಮನೆಯಲ್ಲಿ ಒಲೆ ಎಷ್ಟು ಗಂಟೆಗೆ ಹೊತ್ತುತ್ತದೆ, ಅಡುಗೆ ಯಾರು ಮಾಡುತ್ತಾರೆ, ಸಂತೆ ಯಾರು ತರುತ್ತಾರೆ? ಇದು ಗೊತ್ತಿಲ್ಲದೆ ಕೊಡುವ ಸಲಹೆ ಗಾಳಿಗೆ ಹೋಗುತ್ತದೆ.

ಎರಡು, ಒಮ್ಮೆಗೆ ಒಂದೇ ಅಭ್ಯಾಸ. ಅದನ್ನು ತಾಯಿಯೇ ಆರಿಸಲಿ. ತಾನೇ ಆರಿಸಿದ್ದನ್ನು ಮನುಷ್ಯ ಸುಲಭವಾಗಿ ಬಿಡುವುದಿಲ್ಲ.

ಮೂರು, ಅದು ಎಷ್ಟು ಸಣ್ಣದಿರಬೇಕೆಂದರೆ ಮನೆಯಲ್ಲಿ ಜ್ವರ ಬಂದ ದಿನವೂ, ನೆಂಟರು ಬಂದ ದಿನವೂ ಆಗುವಂತಿರಬೇಕು. "ದಿನಾ ಸೊಪ್ಪಿನ ಪಲ್ಯ" ಎನ್ನುವುದು ದೊಡ್ಡ ಮಾತು. "ಬೇಳೆ ಕುದಿಯುವಾಗ ಒಂದು ಹಿಡಿ ಮೆಂತೆಯನ್ನೋ ನುಗ್ಗೆ ಸೊಪ್ಪನ್ನೋ ಹಾಕುತ್ತೇನೆ" ಎನ್ನುವುದು ಕೈಗೆಟುಕುವ ಮಾತು.

ನಾಲ್ಕು, ತಪ್ಪಿದ ದಿನ ಬೈಯಬೇಡಿ. ಬೈಸಿಕೊಂಡ ತಾಯಿ ಮುಂದಿನ ಸಭೆಗೆ ಬರುವುದಿಲ್ಲ. ಬಂದರೂ ನಿಜ ಹೇಳುವುದಿಲ್ಲ.

ನಮ್ಮ ತರಗತಿಯಲ್ಲೂ ಇದನ್ನು ಪ್ರಯೋಗ ಮಾಡಿದೆವು. ಹದಿಹರೆಯದ ಮಕ್ಕಳಿಗೆ ಸರಕಾರದಿಂದ ವಾರಕ್ಕೊಂದು ನೀಲಿ ಬಣ್ಣದ ಮಾತ್ರೆ ಬರುತ್ತದೆ. ಅದರಲ್ಲಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇದೆ. ಮೊದಲು ಬೆಳಿಗ್ಗೆ ಹಂಚುತ್ತಿದ್ದೆವು. ಖಾಲಿ ಹೊಟ್ಟೆಯಲ್ಲಿ ನುಂಗಿ ಹುಡುಗಿಯರಿಗೆ ಹೊಟ್ಟೆ ತೊಳಸುತ್ತಿತ್ತು. ಮಾತ್ರೆಗಳು ಕಿಟಕಿಯಾಚೆ ಸಿಕ್ಕವು. ಬೈದೆವು, ಉಪಯೋಗವಾಗಲಿಲ್ಲ. ಆಮೇಲೆ ಮಧ್ಯಾಹ್ನದ ಬಿಸಿಯೂಟ ಮುಗಿಸಿ ತಟ್ಟೆ ತೊಳೆದು ಬಂದು ಕೂತ ಕೂಡಲೇ ಮಾತ್ರೆ ಎಂದು ಮಾಡಿದೆವು. ಅವರೆದುರು ನಾನೂ ಒಂದು ನುಂಗುತ್ತೇನೆ. ಈಗ ನಾನು ಮರೆತರೆ ಅವರೇ, "ಟೀಚರ್, ಮಾತ್ರೆ" ಎನ್ನುತ್ತಾರೆ.

ತಾಯಂದಿರಿಗೆ ಎರಡು ಮಾತು

ಕಬ್ಬಿಣಾಂಶದ ವಿಷಯದಲ್ಲಿ ಖರ್ಚಿಲ್ಲದ ಎರಡು ಉಪಾಯಗಳಿವೆ. ಊಟದ ಜೊತೆ ಕುಡಿಯುವ ಚಹಾ, ಆಹಾರದಲ್ಲಿರುವ ಕಬ್ಬಿಣಾಂಶ ಮೈಗೆ ಹಿಡಿಯದಂತೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದಿದೆ. ಚಹಾ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. ಹೊತ್ತು ಬದಲಿಸಿ, ಅಷ್ಟೇ. ಇನ್ನೊಂದು, ನಿಂಬೆ. ಬೇಳೆ, ಕಾಳು, ಸೊಪ್ಪಿನ ಮೇಲೆ ಹಿಂಡಿದ ನಿಂಬೆರಸ ಅವುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ. ನಿಂಬೆಹಣ್ಣನ್ನು ಉಪ್ಪಿನ ಡಬ್ಬಿಯ ಪಕ್ಕದಲ್ಲಿಡಿ. ಕಣ್ಣಿಗೆ ಬಿದ್ದದ್ದು ಕೈಗೆ ಬರುತ್ತದೆ.

ಇನ್ನೊಂದು ಮಾತು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು, ಹುಡುಗರು ಉಂಡ ಮೇಲೆ ಉಳಿದದ್ದು ಹುಡುಗಿಯರಿಗೆ, ತಾಯಿಗೆ. ವಾರಕ್ಕೊಮ್ಮೆ ಮಾಂಸ ತಂದರೆ ತುಂಡುಗಳು ಹುಡುಗರ ತಟ್ಟೆಗೆ, ಸಾರು ಹುಡುಗಿಯರ ತಟ್ಟೆಗೆ. ಮಾಂಸದಲ್ಲಿರುವ ಕಬ್ಬಿಣಾಂಶ ಸೊಪ್ಪು ಕಾಳಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವಳು ಹುಡುಗಿ, ಅವಳಿಗೇ ತುಂಡಿಲ್ಲ! ಈ ಪದ್ಧತಿಯನ್ನು ಭಾಷಣ ಮಾಡಿ ಬದಲಿಸುತ್ತೇನೆ ಎಂಬ ಭ್ರಮೆ ನನಗಿಲ್ಲ. ಆದರೆ ಸೌಟು ಯಾರ ಕೈಯಲ್ಲಿದೆ? ನಿಮ್ಮ ಕೈಯಲ್ಲಿ. ಸೌಟು ಎತ್ತಿದಾಗ ಮೊದಲು ಒಂದು ತುಂಡು ಮಗಳಿಗೆಂದು ತೆಗೆದಿಡಿ. ಎರಡನೆಯದು ನಿಮಗೆ. ಇಷ್ಟೇ ಅಭ್ಯಾಸ. ಇದಕ್ಕೆ ಜಗಳವೂ ಬೇಡ, ಹಣವೂ ಬೇಡ.

ಸಣ್ಣ ಅಭ್ಯಾಸದಿಂದ ಎಲ್ಲವೂ ಸರಿಹೋಗುತ್ತದೆ ಎಂದು ಯಾರೂ ತಿಳಿಯಬಾರದು. ಹಿಮೋಗ್ಲೋಬಿನ್ ಬಹಳ ಕಡಿಮೆ ಇದ್ದರೆ ಊಟವೊಂದರಿಂದ ಏರುವುದಿಲ್ಲ, ವೈದ್ಯರು ಬೇಕು, ಮಾತ್ರೆ ಬೇಕು. ಡಬ್ಬಿಯಲ್ಲಿ ಹಿಟ್ಟೇ ಇಲ್ಲದ ಮನೆಗೆ ಅಭ್ಯಾಸದ ಪಾಠ ಹೇಳುವುದು ಅನ್ಯಾಯ. ಅದಕ್ಕಾಗಿಯೇ ಶಾಲೆಯ ಬಿಸಿಯೂಟ, ಹಾಲು, ಮೊಟ್ಟೆ ಇವು ಅನುಗ್ರಹವಲ್ಲ, ಮಕ್ಕಳ ಹಕ್ಕು ಎಂದು ನಾನು ನಂಬಿದ್ದೇನೆ. ಸಂಕೋಚದಿಂದ ಮೊಟ್ಟೆ ಬೇಡ ಎನ್ನುವ ಹುಡುಗಿಯರಿಗೆ ಇಲ್ಲಿಂದಲೇ ಹೇಳುತ್ತೇನೆ: ತಿನ್ನಿ, ನಾಚಬೇಡಿ.

ಆ ಹುಡುಗಿ ಏನಾದಳು ಎಂದು ಕೇಳುವಿರಿ. ರೊಟ್ಟಿಯ ಡಬ್ಬಿ ಮೊದಲ ವಾರ ಎರಡು ದಿನ ತಪ್ಪಿತು. ನೆಂಟರ ಮದುವೆಯ ಸಮಯದಲ್ಲಿ ಹತ್ತು ದಿನ ತಪ್ಪಿತು. ಮತ್ತೆ ಶುರುವಾಯಿತು. ಎರಡನೇ ತಿಂಗಳಿನ ಕೊನೆಗೆ ಚಹಾ ಸಂಜೆಗೆ ಹೋಯಿತು. ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.9 ಇತ್ತು. ಅದರಲ್ಲಿ ಮಾತ್ರೆಯ ಪಾಲೇ ದೊಡ್ಡದು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ಮಾತ್ರೆಯನ್ನು ಅವಳು ತಪ್ಪದೆ ನುಂಗಿದ್ದೂ ಹೊಟ್ಟೆಯಲ್ಲಿ ರೊಟ್ಟಿ ಇದ್ದುದರಿಂದ. ಇನ್ನೂ 12 ಆಗಿರಲಿಲ್ಲ. ಆದರೂ ಆ ವರ್ಷ ಮತ್ತೆ ಅವಳು ಪ್ರಾರ್ಥನೆಯಲ್ಲಿ ಬೀಳಲಿಲ್ಲ. ಅವಳ ತಾಯಿ ಒಂದು ದಿನ ಬಂದು, "ಟೀಚರ್, ಈಗ ಎರಡು ರೊಟ್ಟಿ ಇಡುತ್ತೇನೆ. ಇನ್ನೊಂದು ನನಗೆ" ಎಂದರು. ನನ್ನ ಹದಿನಾಲ್ಕು ಅಂಶಗಳಲ್ಲಿ ಆ ತಾಯಿಯ ಊಟದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಇಂದು ಮನೆಗೆ ಹೋದ ಮೇಲೆ ನನ್ನ ಭಾಷಣವನ್ನೆಲ್ಲ ನೆನಪಿಟ್ಟುಕೊಳ್ಳಬೇಡಿ. ನಿಮಗೆ ಆಗುವ ಒಂದೇ ಒಂದನ್ನು ಆರಿಸಿ, ಅದನ್ನು ದಿನವೂ ಮಾಡುವ ಒಂದು ಕೆಲಸಕ್ಕೆ ಕಟ್ಟಿಹಾಕಿ. ಮುಂದಿನ ಸಭೆಯಲ್ಲಿ ನಾನು ಭಾಷಣ ಮಾಡುವುದಿಲ್ಲ. ನೀವು ಹೇಳಿ, ನಾನು ಕೇಳುತ್ತೇನೆ.

 

ಜೈ ಹಿಂದ್, ಜೈ ಕರ್ನಾಟಕ.